ಬಳೆಗೆ ಎರಡು-ನಾಲ್ಕು ಅಂತೀರಿ, ಬ್ರಾಗೆ ಯಾಕೆ ಬರೀ 38?

"38 ಕೊಡಿ."

ಅಂಗಡಿಗೆ ಬಂದವರು ಚಪ್ಪಲಿ ಬಿಡುವ ಮೊದಲೇ ಹೇಳುವ ಮಾತು ಇದು. ಅದೂ ಮೆಲ್ಲಗೆ, ಪಕ್ಕದಲ್ಲಿ ಯಾರಾದರೂ ಇದ್ದಾರಾ ಅಂತ ನೋಡಿಕೊಂಡು. ಮೈಸೂರಿನ ಶಿವರಾಂಪೇಟೆಯಲ್ಲಿ ಹೆಂಗಸರ ಒಳ ಉಡುಪಿನ ಅಂಗಡಿ ಇಟ್ಟು ನನಗೆ 22 ವರ್ಷ ಆಯ್ತು. "38 ಸರಿ, ಕಪ್ ಯಾವುದು?" ಅಂತ ಕೇಳಿದರೆ ಅರ್ಧ ಜನ ನನ್ನ ಮುಖ ನೋಡುತ್ತಾರೆ. ಉಳಿದರ್ಧ "ನಾರ್ಮಲ್ ಕಪ್" ಅನ್ನುತ್ತಾರೆ. ನಾರ್ಮಲ್ ಕಪ್ ಅಂತ ಒಂದು ಇದ್ದಿದ್ದರೆ ನನ್ನ ಅಂಗಡಿಗೆ ಒಂದೇ ಕಪಾಟು ಸಾಕಾಗುತ್ತಿತ್ತು.

ಈ 38 ಎಲ್ಲಿಂದ ಬಂತು ಅಂತ ಕೆದಕಿದರೆ ಹತ್ತರಲ್ಲಿ ಏಳೆಂಟು ಸಲ ಒಂದೇ ಉತ್ತರ ಸಿಗುತ್ತದೆ. "ನನ್ನ ಬ್ಲೌಸ್ 38 ಅಲ್ವಾ!"

ಅಲ್ಲೇ ಇರುವುದು ಎಡವಟ್ಟು. ಟೈಲರ್ ಬ್ಲೌಸಿಗೆ ಅಳೆಯುವುದು ಎದೆಯ ಅತಿ ಎತ್ತರದ ಭಾಗದ ಸುತ್ತಳತೆ. ಅದೇ ನಿಮ್ಮ ಬ್ಲೌಸಿನ ನಂಬರ್. ಬ್ರಾದ ನಂಬರ್ ಅದಲ್ಲ. ಅದು ಸ್ತನದ ಕೆಳಗೆ, ಪಕ್ಕೆಲುಬಿನ ಮೇಲೆ ಕೂರುವ ಪಟ್ಟಿಯ ನಂಬರ್. ಸ್ತನ ಎಷ್ಟು ದೊಡ್ಡದು ಅನ್ನುವುದನ್ನು ಹೇಳಬೇಕಾದರೆ ಪಕ್ಕದಲ್ಲಿ ಎ, ಬಿ, ಸಿ, ಡಿ ಅಕ್ಷರ ಇರಲೇಬೇಕು. ಆ ಅಕ್ಷರವೇ ಕಪ್. ಎರಡೂ ಎದೆಯ ಅಳತೆಯೇ ಆದ್ದರಿಂದ, ಎರಡೂ 34, 36, 38 ಅಂತಲೇ ಇರುವುದರಿಂದ, ಜನ ಒಂದನ್ನು ತಂದು ಇನ್ನೊಂದರ ಜಾಗದಲ್ಲಿ ಇಟ್ಟುಬಿಡುತ್ತಾರೆ. ದರ್ಜಿಯ ಚೀಟಿ ಹಿಡಿದು ಚಪ್ಪಲಿ ಅಂಗಡಿಗೆ ಹೋದ ಹಾಗೆ.

ನಾನು ಈಗ ಬಳೆ ತೋರಿಸಿ ಹೇಳುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಬಳೆ ಅಂಗಡಿಯಲ್ಲಿ ಯಾರಾದರೂ "ಎರಡು ಕೊಡಿ" ಅಂತಾರಾ? ಎರಡು-ನಾಲ್ಕೋ, ಎರಡು-ಆರೋ, ಎರಡು-ಎಂಟೋ ಅಂತ ಹೇಳ್ತೀರಿ. ಎರಡು ಇಂಚಿನ ಮೇಲೆ ಹದಿನಾರರಲ್ಲಿ ನಾಲ್ಕು ಪಾಲು ಜಾಸ್ತಿ ಇದ್ದರೆ ಎರಡು-ನಾಲ್ಕು. ಇಷ್ಟು ಸೂಕ್ಷ್ಮ ಲೆಕ್ಕ ಹತ್ತು ವರ್ಷದ ಹುಡುಗಿಗೂ ಗೊತ್ತಿರುತ್ತದೆ. ವರ್ಷಕ್ಕೆ ನಾಲ್ಕು ಹಬ್ಬಕ್ಕೆ ಹಾಕುವ ಗಾಜಿನ ಬಳೆಗೆ ಎರಡು ಸಂಖ್ಯೆ ಬೇಕು. ದಿನಾ ಹದಿನಾಲ್ಕು ಗಂಟೆ ಮೈಮೇಲೆ ಇರುವ ಬ್ರಾಗೆ ಒಂದೇ ಸಾಕಾ?

ಹೋದ ವರ್ಷ ಒಬ್ಬ ಹೈಸ್ಕೂಲ್ ಮೇಡಂ ಬಂದಿದ್ದರು. ಹೆಸರು ಬೇಡ, ಗಣಿತ ಹೇಳಿಕೊಡುತ್ತಾರೆ ಅಂದರೆ ಸಾಕು. ಇಡೀ ದಿನ ಬೋರ್ಡಿನ ಮುಂದೆ ಕೈ ಎತ್ತಿ ಬರೆಯುವವರು. ಎರಡೂ ಭುಜದಲ್ಲಿ ಬೆರಳು ಇಡುವಷ್ಟು ಆಳದ ಗೆರೆ ಬಿದ್ದಿತ್ತು. ಹಾಕಿದ್ದು 38ಬಿ. "ಸ್ಟ್ರಾಪ್ ಅಗಲ ಇರೋದು ಕೊಡಿ, ಭುಜ ಕೊರೀತಾ ಇದೆ" ಅಂದರು.

ತಿರುಗಿ ನಿಲ್ಲಿ ಅಂದೆ. ಹಿಂದಿನ ಪಟ್ಟಿ ಬೆನ್ನಿನ ಅರ್ಧಕ್ಕೆ ಏರಿ ಕೂತಿತ್ತು. ಕೈ ಎತ್ತಿದರೆ ಮುಂದಿನ ಭಾಗವೂ ಎದ್ದು ಬರುತ್ತಿತ್ತು. ಸ್ಟ್ರಾಪ್ ಎರಡನ್ನೂ ಭುಜದಿಂದ ಇಳಿಸಿದೆ. ಬ್ರಾ ಅಲ್ಲೇ ಕುಸಿಯಿತು. ನನಗೆ ಬೇಕಾದ ಉತ್ತರ ಸಿಕ್ಕಿತ್ತು.

ನನ್ನ ಗಿರಾಕಿಗಳಲ್ಲಿ ಹೆಚ್ಚಿನವರು ಸ್ಟ್ರಾಪ್ ಭಾರ ಹೊರುತ್ತದೆ ಅಂದುಕೊಂಡಿದ್ದಾರೆ. ಇಲ್ಲ. ಭಾರದ ಹೆಚ್ಚಿನ ಪಾಲನ್ನು ಕೆಳಗಿನ ಪಟ್ಟಿ ಹೊರಬೇಕು. ಸ್ಟ್ರಾಪ್ ಇರುವುದು ಕಪ್ಪನ್ನು ಮೈಗೆ ಒತ್ತಿ ಹಿಡಿಯಲು, ಅಷ್ಟೆ. ನೀರಿನ ಬಿಂದಿಗೆಯನ್ನು ಸೊಂಟದ ಮೇಲೆ ಕೂರಿಸಿ ನಡೆಯುವವಳು ಮೈಲಿ ನಡೆದಾಳು. ಅದೇ ಬಿಂದಿಗೆಗೆ ಹಗ್ಗ ಕಟ್ಟಿ ಹೆಗಲಿಗೆ ನೇತು ಹಾಕಿ ನೋಡಿ. ಪಟ್ಟಿ ಸಡಿಲ ಆದರೆ ಭಾರ ಎಲ್ಲಾ ಭುಜಕ್ಕೆ ಬರುತ್ತದೆ. ಆಗ ಸ್ಟ್ರಾಪ್ ಎಳೆದು ಬಿಗಿ ಮಾಡುತ್ತೀರಿ. ಎಳೆದಷ್ಟೂ ಹಿಂದಿನ ಪಟ್ಟಿ ಮೇಲಕ್ಕೆ ಏರುತ್ತದೆ. ಏರಿದಷ್ಟೂ ಮುಂದೆ ಜೋಲುತ್ತದೆ. ಮತ್ತೆ ಸ್ಟ್ರಾಪ್ ಎಳೆಯುತ್ತೀರಿ.

ಮೇಡಮ್ಮನ ಅಳತೆ ತೆಗೆದೆ. ಸ್ತನದ ಕೆಳಗೆ, ಉಸಿರು ಬಿಟ್ಟಾಗ, ಟೇಪ್ ಮೈಗೆ ಅಂಟಿಕೊಂಡ ಹಾಗೆ: 30 ಇಂಚು. ಮೇಲೆ, ತೊಟ್ಟಿನ ಮಟ್ಟದಲ್ಲಿ, ಸಡಿಲವಾಗಿ: 38. ನಮ್ಮ ದೇಶದ ಹೆಚ್ಚಿನ ಕಂಪನಿಗಳ ಲೆಕ್ಕದಲ್ಲಿ ಕೆಳಗಿನ ಅಳತೆ ಸಮಸಂಖ್ಯೆ ಆಗಿದ್ದರೆ ನಾಲ್ಕು ಸೇರಿಸಬೇಕು, ಬೆಸ ಆಗಿದ್ದರೆ ಐದು. ಅಂದರೆ 34. ಮೇಲಿನ 38ರಲ್ಲಿ 34 ಕಳೆದರೆ ನಾಲ್ಕು. ಒಂದು ಇಂಚಿಗೆ ಎ, ಎರಡಕ್ಕೆ ಬಿ, ಮೂರಕ್ಕೆ ಸಿ, ನಾಲ್ಕಕ್ಕೆ ಡಿ. ಅವರದ್ದು 34ಡಿ.

"ಡಿ? ನಾನೇನು ಅಷ್ಟು ದಪ್ಪ ಇದ್ದೀನಾ?"

ಈ ಪ್ರಶ್ನೆಗೆ ನಾನು ಎಷ್ಟು ಸಾವಿರ ಸಲ ಉತ್ತರ ಕೊಟ್ಟಿದ್ದೇನೋ. ಡಿ ಅಂದರೆ ದಪ್ಪ ಅಲ್ಲ. ಅದು ಪಟ್ಟಿಯ ನಂಬರಿಗೂ ಮೇಲಿನ ಅಳತೆಗೂ ಇರುವ ವ್ಯತ್ಯಾಸ. 32ಡಿ ಹಾಕುವ ಕಾಲೇಜು ಹುಡುಗಿ ಕಡ್ಡಿಯ ಹಾಗೆ ಇರುತ್ತಾಳೆ. 40ಡಿ ಕಪ್ಪಿನೊಳಗೆ 32ಡಿ ಕಪ್ ಹಾಗೇ ಕಾಣೆಯಾಗುತ್ತದೆ. ಅಕ್ಷರಕ್ಕೆ ಒಂಟಿಯಾಗಿ ಅರ್ಥ ಇಲ್ಲ, ನಂಬರಿಗೂ ಇಲ್ಲ. ಕೋಪ ಬಂದರೂ ಇನ್ನೊಂದು ಸಲ ಹೇಳುತ್ತೇನೆ: ಇಲ್ಲ, ಇಲ್ಲ, ಇಲ್ಲ.

ಇದರಲ್ಲಿ ಇನ್ನೊಂದು ಗುಟ್ಟಿದೆ. 34ಡಿ, 36ಸಿ, 38ಬಿ, ಈ ಮೂರರ ಕಪ್ ಹೆಚ್ಚು ಕಡಿಮೆ ಒಂದೇ ಗಾತ್ರ. ನಂಬರ್ ಒಂದು ಮೆಟ್ಟಿಲು ಏರಿದರೆ ಅಕ್ಷರ ಒಂದು ಮೆಟ್ಟಿಲು ಇಳಿಯುತ್ತದೆ. ಮೇಡಂ ಮೊದಲು 34ಬಿ ಹಾಕುತ್ತಿದ್ದರಂತೆ. ಹೆರಿಗೆ ಆದ ಮೇಲೆ ಕಪ್ ಸಾಲದೆ ಆಯ್ತು. ಅಂಗಡಿಯವನು 36ಬಿ ಕೊಟ್ಟ. ಅದೂ ಬಿಗಿ. 38ಬಿ ಕೊಟ್ಟ. ಈಗ ಕಪ್ ಹಿಡಿಸಿತು. ಆದರೆ ಪಕ್ಕೆಲುಬು ಮೊದಲಿನಷ್ಟೇ ಇದೆಯಲ್ಲ, ಪಟ್ಟಿ ಮಾತ್ರ ನಾಲ್ಕು ಇಂಚು ದೊಡ್ಡದಾಯ್ತು. ಅವರಿಗೆ ಬದಲಾಗಬೇಕಿದ್ದುದು ಅಕ್ಷರ. ಬದಲಾದದ್ದು ನಂಬರ್. ಆರು ವರ್ಷ ಅದರಲ್ಲೇ ಕಳೆದಿದ್ದಾರೆ. "ಲೆಕ್ಕದ ಮೇಡಂ ನೀವು, ನಿಮಗೂ ಹೊಳೀಲಿಲ್ವಾ?" ಅಂದೆ. "ಇದರಲ್ಲಿ ಲೆಕ್ಕ ಇದೆ ಅಂತ ಯಾರು ಹೇಳಿದ್ರು?" ಅಂತ ಕೇಳಿದರು. ಅದೂ ಸರಿಯೇ.

ಅಂಗಡಿಯವನನ್ನು ಬೈಯುವುದಿಲ್ಲ. ಅವನ ಹತ್ತಿರ ಡಿ ಕಪ್ ಸ್ಟಾಕ್ ಇರಲಿಕ್ಕಿಲ್ಲ. ಬಿ ಮಾತ್ರ ತರಿಸುವ ಅಂಗಡಿಗಳು ನಮ್ಮ ಸಣ್ಣ ಊರುಗಳಲ್ಲಿ ಇವತ್ತಿಗೂ ತುಂಬ ಇವೆ. ಅಮೆರಿಕದಲ್ಲಿ ಮೇರಿ ಫೆಲ್ಪ್ಸ್ ಜೇಕಬ್ ಅನ್ನುವಾಕೆ ಎರಡು ಕರವಸ್ತ್ರಕ್ಕೆ ರಿಬ್ಬನ್ ಹೊಲಿದು ಮಾಡಿದ ಬ್ರಾಗೆ ಪೇಟೆಂಟ್ ಪಡೆದದ್ದು 1914ರಲ್ಲಿ. ಕಪ್ಪಿಗೆ ಎ, ಬಿ, ಸಿ, ಡಿ ಅಂತ ಅಕ್ಷರ ಬಂದದ್ದು 1930ರ ದಶಕದಲ್ಲಿ. ಆ ಅಕ್ಷರ ಶಿವರಾಂಪೇಟೆಗೆ ಇನ್ನೂ ನಡೆದುಕೊಂಡೇ ಬರುತ್ತಿದೆ.

34 ಅಂದರೆ 34 ಇಂಚು ಅಲ್ಲ ಅನ್ನುವುದು ನಂಬಿಕೆ ಬಾರದಿದ್ದರೆ ಲೇಬಲ್ ನೋಡಿ. ಎಷ್ಟೋ ಕಂಪನಿಗಳು 34ಬಿ ಪಕ್ಕದಲ್ಲಿ ಸಣ್ಣದಾಗಿ 75ಬಿ ಅಂತಲೂ ಹಾಕಿರುತ್ತವೆ. ಆ 75 ಪಕ್ಕೆಲುಬಿನ ಸುತ್ತಳತೆ, ಸೆಂಟಿಮೀಟರಿನಲ್ಲಿ. ಇಂಚಿಗೆ ತಿರುಗಿಸಿದರೆ ಇಪ್ಪತ್ತೊಂಬತ್ತೂವರೆ. ನಿಜ ಅಲ್ಲೇ ಅಚ್ಚಾಗಿರುತ್ತದೆ, ಓದುವವರಿಲ್ಲ. ಒಂದು ಎಚ್ಚರಿಕೆ ಹೇಳಬೇಕು. ಕೆಲವು ಕಂಪನಿಗಳು ನಾಲ್ಕು-ಐದು ಸೇರಿಸದೆ ಇರುವ ಅಳತೆಯನ್ನೇ ತೆಗೆದುಕೊಳ್ಳುತ್ತವೆ. ಇಂಗ್ಲೆಂಡಿನಲ್ಲಿ ಅಳತೆ ತೆಗೆಯುವವರಲ್ಲಿ ಆ ಪದ್ಧತಿ ಜಾಸ್ತಿ. ಲಂಡನ್ನಿನಲ್ಲಿರುವ ಮಗಳು "ಅಮ್ಮಾ ನಿನ್ನದು 30" ಅಂದರೆ ಗಾಬರಿ ಬೇಡ, ಅವಳ ಲೆಕ್ಕದ ದಾರಿ ಬೇರೆ. ಆನ್‌ಲೈನ್‌ನಲ್ಲಿ ತರಿಸುವವರು ಆಯಾ ಕಂಪನಿಯ ಚಾರ್ಟ್ ನೋಡಿಯೇ ತರಿಸಿ. ಟೇಪಿನ ಲೆಕ್ಕ ಬರೀ ಶುರು ಅಷ್ಟೆ. ಹಾಕಿ ನೋಡದೆ ನಾನಂತೂ ಯಾರಿಗೂ ಖಾತ್ರಿ ಕೊಡುವುದಿಲ್ಲ.

ಹಾಕಿ ನೋಡುವುದರಲ್ಲೂ ಒಂದು ಕ್ರಮ ಇದೆ. ಹೊಸ ಬ್ರಾವನ್ನು ಕೊನೆಯ, ಅಂದರೆ ಅತಿ ಸಡಿಲದ ಹುಕ್ಕಿಗೆ ಹಾಕಿದಾಗ ಸರಿಯಾಗಿ ಕೂರಬೇಕು. ಬಟ್ಟೆ ಹಿಗ್ಗಿದ ಹಾಗೆ ಒಳಗಿನ ಹುಕ್ಕಿಗೆ ಬರಲಿ ಅಂತ ತಾನೆ ಮೂರು ಸಾಲು ಇಟ್ಟಿರುವುದು? ಮೊದಲ ದಿನವೇ ಒಳಗಿನ ಹುಕ್ಕು ಹಾಕಿದರೆ ಆಮೇಲೆ ಹೋಗಲು ಜಾಗ ಎಲ್ಲಿ? ಆಮೇಲೆ ಸ್ವಲ್ಪ ಮುಂದಕ್ಕೆ ಬಾಗಿ, ಕಂಕುಳ ಕಡೆಯಿಂದ ಕೈಯಿಂದ ಸ್ತನವನ್ನು ಪೂರ್ತಿ ಕಪ್ಪಿನೊಳಗೆ ತಂದುಕೊಳ್ಳಿ. ಇದೊಂದನ್ನು ಮಾಡಿದರೆ ಎಷ್ಟೋ ಜನರಿಗೆ ಅಲ್ಲೇ ಗೊತ್ತಾಗುತ್ತದೆ, ತಾವು ಹಾಕುತ್ತಿದ್ದ ಕಪ್ ಸಾಲುತ್ತಿರಲಿಲ್ಲ ಅಂತ. ಕಂಕುಳ ಪಕ್ಕದ ಕೊಬ್ಬು ಅಂದುಕೊಂಡಿದ್ದು ಬಹಳ ಸಲ ಜಾಗ ಸಿಗದೆ ಹೊರಗೆ ಉಳಿದ ಸ್ತನವೇ.

ಇನ್ನು ಆಕಾರ. ಅಳತೆ ಸರಿ ಇದ್ದೂ ಬ್ರಾ ಸರಿ ಕೂರದಿದ್ದರೆ ಕಾರಣ ಇದೇ. ಒಂದೇ 34ಸಿ ಇಬ್ಬರಿಗೆ ಬೇರೆ ಬೇರೆ ಥರ ಕೂರುತ್ತದೆ. ಮಗುವಿಗೆ ಹಾಲು ಕುಡಿಸಿದ ಮೇಲೆ, ಅಥವಾ ತೂಕ ಇಳಿದ ಮೇಲೆ, ಅನೇಕರಿಗೆ ಮೇಲ್ಭಾಗ ಬರಿದಾಗಿ ತುಂಬು ಎಲ್ಲಾ ಕೆಳಗೆ ಇಳಿದಿರುತ್ತದೆ. ಅಂಥವರು ಅಚ್ಚಿನಲ್ಲಿ ಎರಕ ಹೊಯ್ದ ಹಾಗಿರುವ ಗಟ್ಟಿ ಟಿ-ಶರ್ಟ್ ಬ್ರಾ ಹಾಕಿದರೆ ಮೇಲ್ಗಡೆ ಬಾಯಿ ತೆರೆದುಕೊಳ್ಳುತ್ತದೆ. "ಕಪ್ ದೊಡ್ಡದಾಯ್ತು" ಅಂತ ಚಿಕ್ಕದು ಕೇಳುತ್ತಾರೆ. ಚಿಕ್ಕದು ಹಾಕಿದರೆ ಕೆಳಗೆ ಒತ್ತುತ್ತದೆ. ಅವರಿಗೆ ಬೇಕಾದ್ದು ಬೇರೆ ಗಾತ್ರ ಅಲ್ಲ, ಬೇರೆ ಕಟ್ಟು. ಎರಡು ಮೂರು ತುಂಡು ಜೋಡಿಸಿ ಹೊಲಿದ, ಮೆತ್ತನೆ ಬಟ್ಟೆಯ ಕಪ್ ಆದರೆ ಮೈಯ ಆಕಾರಕ್ಕೆ ಹೊಂದಿಕೊಳ್ಳುತ್ತದೆ. ಮೇಲಿನ ಅಂಚು ಕಡಿಮೆ ಇರುವ ಡೆಮಿ ಕಪ್ ಕೂಡ ಆಗಬಹುದು. ಮೇಲೆ ಕೆಳಗೆ ಎಲ್ಲಾ ಕಡೆ ತುಂಬಿರುವವರಿಗೆ ಡೆಮಿ ಕಪ್ ಕೊಟ್ಟರೆ ಅಂಚು ಕೊರೆದು ಬ್ಲೌಸಿನ ಮೇಲೆ ನಾಲ್ಕು ಗುಡ್ಡ ಕಾಣುತ್ತದೆ. ಅವರಿಗೆ ಸ್ತನವನ್ನು ಪೂರ್ತಿ ಮುಚ್ಚುವ ಫುಲ್ ಕವರೇಜ್ ಒಳ್ಳೆಯದು. ಎರಡು ಸ್ತನದ ನಡುವೆ ಜಾಗವೇ ಇಲ್ಲದವರಿಗೆ ನಡುವಿನ ತುಂಡು ಕಿರಿದಾಗಿ, ಗಿಡ್ಡವಾಗಿ ಇರಬೇಕು. ಇಲ್ಲದಿದ್ದರೆ ಕಪ್ಪಿನ ಅಡಿಯಲ್ಲಿ ಹೊಲಿದ ತಂತಿಯ, ಅಂದರೆ ಅಂಡರ್‌ವೈರ್ ತುದಿ ಸ್ತನದ ಮೇಲೇ ಕೂತು ಚುಚ್ಚುತ್ತದೆ. ಸರಿಯಾದ ವೈರ್ ಸ್ತನದ ಬುಡದ ಗೆರೆಯಲ್ಲಿ ಕೂರುತ್ತದೆ, ಮೇಲೆ ಹತ್ತುವುದಿಲ್ಲ. ವೈರ್ ಅಂದರೇನೇ ಹೆದರುವವರು ಬಿಟ್ಟುಬಿಡಿ, ಯಾರೂ ಬಲವಂತ ಮಾಡುವುದಿಲ್ಲ.

ಒಂದು ಕಡೆ ಸ್ವಲ್ಪ ದೊಡ್ಡದು, ಒಂದು ಕಡೆ ಚಿಕ್ಕದು ಅಂತ ಕಣ್ಣಲ್ಲಿ ನೀರು ಹಾಕಿಕೊಂಡು ಬರುವ ಹುಡುಗಿಯರಿದ್ದಾರೆ. ಅಮ್ಮಾ, ಎಲ್ಲರಿಗೂ ಹಾಗೇ. ದೊಡ್ಡ ಕಡೆಗೆ ಸರಿಹೋಗುವ ಕಪ್ ತಗೊಂಡು ಇನ್ನೊಂದು ಕಡೆಯ ಸ್ಟ್ರಾಪ್ ಸ್ವಲ್ಪ ಎಳೆದುಕೊಂಡರೆ ಆಯ್ತು. ಆದರೆ ಇಷ್ಟು ದಿನ ಇಲ್ಲದ ವ್ಯತ್ಯಾಸ ಈಗ ಹೊಸದಾಗಿ ಬಂದಿದ್ದರೆ, ಗಂಟು ಸಿಕ್ಕಿದರೆ, ಚರ್ಮ ಒಳಗೆ ಎಳೆದ ಹಾಗಿದ್ದರೆ, ತೊಟ್ಟಿನಿಂದ ಏನಾದರೂ ಸೋರಿದರೆ ನನ್ನ ಅಂಗಡಿಗಲ್ಲ, ಡಾಕ್ಟರ ಹತ್ತಿರ ಹೋಗಿ. ಇದನ್ನು ನಾನು ಅಳತೆ ಕೋಣೆಯಲ್ಲಿ ಕೆಲವರಿಗೆ ಹೇಳಿದ್ದೇನೆ. ಹೇಳುವಾಗ ನನ್ನ ಕೈಯೂ ತಣ್ಣಗಾಗಿರುತ್ತದೆ. ಕಪ್ಪು ಬಣ್ಣದ ಬ್ರಾ ಹಾಕಿದರೆ, ಬಿಗಿ ಹಾಕಿದರೆ ಕ್ಯಾನ್ಸರ್ ಬರುತ್ತದಾ ಅಂತ ವಾಟ್ಸಾಪ್ ತೋರಿಸುವವರಿಗೂ ಒಂದು ಮಾತು. ಸಿಯಾಟಲ್‌ನ ಫ್ರೆಡ್ ಹಚಿನ್ಸನ್ ಕ್ಯಾನ್ಸರ್ ಸಂಶೋಧನಾ ಕೇಂದ್ರದವರು ಮುಟ್ಟು ನಿಂತ ಹೆಂಗಸರ ಮೇಲೆ ಅಧ್ಯಯನ ಮಾಡಿ 2014ರಲ್ಲಿ ಪ್ರಕಟಿಸಿದ್ದಾರೆ. ಬ್ರಾಗೂ ಸ್ತನ ಕ್ಯಾನ್ಸರಿಗೂ ಸಂಬಂಧ ಸಿಗಲಿಲ್ಲ. ಸುಮ್ನೆ ಹೆದರಿಸುವ ಮೆಸೇಜು ಮುಂದೆ ಕಳಿಸಬೇಡಿ.

ತಾಯಂದಿರ ಜೊತೆಗೂ ನನಗೆ ಒಂದು ಜಗಳ ಇದೆ. "ಮಗಳು ಬೆಳೀತಾಳೆ, ಒಂದು ಸೈಜ್ ದೊಡ್ಡದು ಕೊಡಿ." ಯೂನಿಫಾರ್ಮ್ ಲಂಗದ ಅಂಚು ಮಡಚಿ ಹೊಲಿಯಬಹುದು. ಬ್ರಾಗೆ ಅಂಚು ಮಡಚಲು ಬರುವುದಿಲ್ಲ. ಆ ಹುಡುಗಿ ಪಿ.ಟಿ. ಪಿರಿಯಡ್‌ನಲ್ಲಿ ಓಡಲು ಒಲ್ಲೆ ಅನ್ನುತ್ತಾಳೆ, ಬೆನ್ನು ಬಗ್ಗಿಸಿ ನಡೆಯುತ್ತಾಳೆ. ಕಾರಣ ನಾಚಿಕೆ ಮಾತ್ರ ಅಲ್ಲ.

ಒಗೆಯುವ ವಿಷಯ ಎಲ್ಲರಿಗೂ ಗೊತ್ತಿದೆ, ಬಿಟ್ಟುಬಿಡುತ್ತೇನೆ. ಒಣಗಿಸುವುದು ಮಾತ್ರ ಬಿಡಲಾರೆ. ಟವೆಲ್ ಅಡಿ, ಲಂಗದ ಅಡಿ ಬಚ್ಚಿಟ್ಟು ಒಣಗಿಸುತ್ತೀರಲ್ಲ, ಅದು ಒಣಗುವುದಿಲ್ಲ, ಹಸಿಯಾಗೇ ಉಳಿಯುತ್ತದೆ. ಮಳೆಗಾಲದಲ್ಲಿ ಸ್ತನದ ಕೆಳಗೆ ತುರಿಕೆ ಅಂತ ಬರುವವರಲ್ಲಿ ಹೆಚ್ಚಿನವರಿಗೆ ನಾನು ಮೊದಲು ಕೇಳುವ ಪ್ರಶ್ನೆ, "ಎಲ್ಲಿ ಒಣಗಿಸ್ತೀರಿ?" ಗಂಡಸರ ಬನಿಯನ್ ತಂತಿಯ ಮೇಲೆ ಬಾವುಟದ ಹಾಗೆ ಹಾರುತ್ತಿರುತ್ತದೆ. ಇದಕ್ಕೇನು ಪಾಪ?

ಮೇಡಂ ಆವತ್ತು ಎರಡು 34ಡಿ ತೆಗೆದುಕೊಂಡು ಹೋದರು. ಕನ್ನಡಿ ಮುಂದೆ ಕೈ ಎತ್ತಿ, ಬೋರ್ಡಿನ ಮೇಲೆ ಬರೆಯುವ ಹಾಗೆ ಗಾಳಿಯಲ್ಲಿ ಬರೆದು ನೋಡಿದರು. ಪಟ್ಟಿ ಅಲ್ಲಾಡಲಿಲ್ಲ. "ಮೊದಲ ವಾರ ಸ್ವಲ್ಪ ಬಿಗಿ ಅನ್ನಿಸಬಹುದು, ಸಡಿಲದ್ದೇ ಅಭ್ಯಾಸ ಆಗಿದೆ ನಿಮಗೆ. ಉಸಿರಾಡಲು ಕಷ್ಟ ಆದರೆ, ಚರ್ಮ ಕೆಂಪಾಗಿ ಉರಿದರೆ ವಾಪಸ್ ತನ್ನಿ" ಅಂದಿದ್ದೆ. ತರಲಿಲ್ಲ. ಮೂರು ವಾರ ಬಿಟ್ಟು ತಾವೇ ಬಂದರು, ಜೊತೆಗೆ ಸ್ಟಾಫ್ ರೂಮಿನ ಮೂವರು. ಒಬ್ಬರು ಎತ್ತರ, ಒಬ್ಬರು ಗುಂಡಗೆ, ಇನ್ನೊಬ್ಬರು ಗಾಳಿ ಬಂದರೆ ಹಾರಿಹೋಗುವಷ್ಟು ಸಣ್ಣ. ನನಗೆ ಖುಷಿಯಾಯ್ತು. ಕಾಫಿ ತರಿಸಿದೆ.

"ಭುಜದ ನೋವು ಪೂರ್ತಿ ಹೋಯ್ತಂತಲ್ಲ ಇವರಿಗೆ" ಅಂದರು ಎತ್ತರದವರು. "ನಮಗೂ ಅದನ್ನೇ ಕೊಟ್ಟುಬಿಡಿ. ಮೂವರಿಗೂ 34ಡಿ."

ನಾನು ಕಾಫಿ ಲೋಟ ಕೆಳಗಿಟ್ಟು ಟೇಪ್ ಹುಡುಕಿದೆ.