ಅಜ್ಜಿಗೆ ಎರಡೇ ಯಾಕೆ ಬೀಳುತ್ತದೆ?

ಸಕಲೇಶಪುರದಲ್ಲಿ ಮಳೆ ಹಿಡಿದರೆ ಮೊದಲು ಕರೆಂಟು ಹೋಗುತ್ತದೆ. ಆಮೇಲೆ ನಮ್ಮ ಜಗಲಿಯಲ್ಲಿ ಸೀಮೆಸುಣ್ಣದ ಚೌಕಾಬಾರದ ಮನೆಗಳು ಮೂಡುತ್ತವೆ. ಕವಡೆ ಕಳೆದುಹೋಗಿ ಕಾಲವಾಯಿತು. ನಾಲ್ಕು ಹುಣಸೆ ಬೀಜಗಳನ್ನು ಒಂದು ಬದಿ ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿಕೊಂಡಿದ್ದೇವೆ. ನಾಲ್ಕೂ ಬಿಳಿ ಬಿದ್ದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಕಪ್ಪು ಬಿದ್ದರೆ ಬಾರ, ಎಂಟು. ಉಳಿದಂತೆ ಎಷ್ಟು ಬಿಳಿಯೋ ಅಷ್ಟು ಗರ.

ಮೊನ್ನೆ ಅಜ್ಜಿಗೆ ಹಾಕಿದಾಗಲೆಲ್ಲ ಎರಡೇ. "ನನ್ನ ಕೈಗುಣವೇ ಇಷ್ಟು ಕಣೋ" ಎಂದು ಗೊಣಗಿದರು. ಸುಮ್ನೆ ಎಣಿಸಿ ನೋಡೋಣ ಅನ್ನಿಸಿತು.

ಒಂದು ಬೀಜ ಎರಡು ಥರ ಬೀಳಬಹುದು. ನಾಲ್ಕು ಬೀಜ 2×2×2×2, ಅಂದರೆ 16 ಥರ. ಇದರಲ್ಲಿ ಚೌಕಕ್ಕೆ ಇರುವುದು ಒಂದೇ ದಾರಿ. ಎರಡಕ್ಕೆ? ಬೀಜಗಳಿಗೆ ಅ, ಆ, ಇ, ಈ ಎಂದು ಹೆಸರಿಡಿ. ಬಿಳಿಯಾಗುವ ಜೋಡಿ ಅಆ ಇರಬಹುದು, ಅಇ, ಅಈ, ಆಇ, ಆಈ, ಇಈ ಇರಬಹುದು. ಆರು! ಸೊನ್ನೆ ಬಿಳಿಯಿಂದ ನಾಲ್ಕು ಬಿಳಿಯವರೆಗೆ ದಾರಿಗಳು 1, 4, 6, 4, 1. ಹದಿನಾರರಲ್ಲಿ ಆರು ಪಾಲು ಎರಡಕ್ಕೇ ಹೋದರೆ ಅಜ್ಜಿ ಏನು ಮಾಡಿಯಾರು?

ನಾಲ್ಕು ಅಕ್ಷರದಲ್ಲಿ ಲಘು ಗುರು ಜೋಡಿಸಿದರೂ ಇದೇ ಸಾಲು ಬರುತ್ತದೆ. ಬೀಜ ಜಾಸ್ತಿಯಾದರೆ ಹೀಗೆ ಬರೆದು ಎಣಿಸಲು ಆಗುವುದಿಲ್ಲ. ಅದಕ್ಕೆ ಅಮೋಘವರ್ಷ ನೃಪತುಂಗನ ಕಾಲದಲ್ಲೇ, ಸುಮಾರು 850ರಲ್ಲಿ, ಗಣಿತಜ್ಞ ಮಹಾವೀರಾಚಾರ್ಯ ಸೂತ್ರ ಕೊಟ್ಟಿದ್ದಾನೆ. ನಾಲ್ಕರಲ್ಲಿ ಎರಡು ಆರಿಸಲು 4×3 ಅನ್ನು 1×2ರಿಂದ ಭಾಗಿಸಿದರೆ ಆಯಿತು: 6.

ಆದರೆ ಉಜ್ಜಿದ ಬದಿ ಚಪ್ಪಟೆ, ಇನ್ನೊಂದು ಉಬ್ಬು. ಬಿಳಿ ಕಪ್ಪು ಸಮಸಮ ಬೀಳಲೇಬೇಕು ಅಂತೇನಿಲ್ಲ ಅಲ್ವಾ? ಹತ್ತಕ್ಕೆ ನಾಲ್ಕು ಸಲ ಬಿಳಿ ಬೀಳುತ್ತದೆ ಎಂದಿಟ್ಟುಕೊಳ್ಳಿ. ಆಗ ದ್ವಿಪದ ಸೂತ್ರ ಬೇಕು. ದಾರಿಗಳ ಸಂಖ್ಯೆಯನ್ನು, ಪ್ರತಿ ಬಿಳಿಗೆ ಒಂದೊಂದು 0.4ರಿಂದ, ಪ್ರತಿ ಕಪ್ಪಿಗೆ ಒಂದೊಂದು 0.6ರಿಂದ ಗುಣಿಸುವುದು. ಎರಡು ಬೀಳುವ ಸಾಧ್ಯತೆ 6×0.4×0.4×0.6×0.6, ಅಂದರೆ 0.3456. ಚೌಕ ಬರೀ 0.0256. ಬಾರ 0.1296, ಚೌಕದ ಐದು ಪಟ್ಟು! ಅದೂ ಎಂಟು ಮನೆ ನಡೆಸುವ ಗರ. ಅಂಥ ಬೀಜ ಸಿಕ್ಕರೆ ನಾನಂತೂ ಎಸೆಯುವುದಿಲ್ಲ.

ಒಂದು ಷರತ್ತಿದೆ. ಒಂದು ಬೀಜ ಬೀಳುವುದಕ್ಕೂ ಇನ್ನೊಂದಕ್ಕೂ ಸಂಬಂಧ ಇರಬಾರದು. ನನ್ನ ತಮ್ಮ ನಾಲ್ಕನ್ನೂ ಬೆರಳ ಮೇಲೆ ಜೋಡಿಸಿಕೊಂಡು ಮೆಲ್ಲಗೆ ಜಾರಿಸುತ್ತಾನೆ. ಅವನ ಮುಂದೆ ಈ ಸೂತ್ರ ನಡೆಯುವುದಿಲ್ಲ.

ಇಷ್ಟನ್ನೂ ಅಜ್ಜಿಗೆ ವಿವರಿಸಿದೆ. "ಲೆಕ್ಕ ಸಾಕು, ಗರ ಹಾಕು" ಎಂದರು.