ಚಾಕು ಇಡುವ ಮುಂಚಿನ ಮಾತು

ರೋಗಿಗೆ ಅರಿವಳಿಕೆ ಕೊಟ್ಟಾಗಿದೆ. ಸರ್ಜನ್ ಚಾಕು ಇಡುವ ಮುಂಚೆ ಎಲ್ಲರೂ ಕೈಲಿದ್ದ ಕೆಲಸ ನಿಲ್ಲಿಸುತ್ತಾರೆ. ಒಬ್ಬೊಬ್ಬರೂ ತಮ್ಮ ಹೆಸರು, ತಮ್ಮ ಕೆಲಸ ಹೇಳುತ್ತಾರೆ. ರೋಗಿ ಯಾರು, ಯಾವ ಆಪರೇಷನ್, ಎಡಗಡೆಯೋ ಬಲಗಡೆಯೋ? ಆಂಟಿಬಯಾಟಿಕ್ ಕೊಟ್ಟು 60 ನಿಮಿಷ ಮೀರಿಲ್ಲ ತಾನೇ? ರಕ್ತ ಎಷ್ಟು ಹೋಗಬಹುದು? ಒಂದೆರಡು ನಿಮಿಷದ ಮಾತು, ಅಷ್ಟೇ.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ 19 ಅಂಶಗಳ ಚೆಕ್‌ಲಿಸ್ಟಿನ ನಡುಭಾಗ ಇದು. ಅರಿವಳಿಕೆಗೆ ಮುಂಚೆ ಒಮ್ಮೆ, ರೋಗಿಯನ್ನು ಥಿಯೇಟರಿನಿಂದ ಹೊರಗೆ ಸಾಗಿಸುವ ಮುಂಚೆ ಇನ್ನೊಮ್ಮೆ ಹೀಗೇ ನಿಂತು ಕೇಳಿಕೊಳ್ಳಬೇಕು. 8 ದೇಶಗಳ 8 ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಾವಿನ ಪ್ರಮಾಣ ಶೇ 1.5ರಿಂದ ಶೇ 0.8ಕ್ಕೆ ಇಳಿದಿತ್ತು.

ಆದರೆ ಕೆನಡಾದ ಒಂಟಾರಿಯೋದಲ್ಲಿ 101 ಆಸ್ಪತ್ರೆಗಳು ಇಂಥದೇ ಚೆಕ್‌ಲಿಸ್ಟ್ ಬಳಸಿದರೂ ಸಾವು ಹೇಳಿಕೊಳ್ಳುವಷ್ಟು ಕಡಿಮೆ ಆಗಲಿಲ್ಲ. 2014ರ ಈ ವರದಿ ಬಹಳ ಚರ್ಚೆ ಎಬ್ಬಿಸಿತು. ಕಾರಣಗಳು ಹಲವು ಇರಬಹುದು. ನನಗಂತೂ ಒಂದು ವಿಷಯ ಸ್ಪಷ್ಟ: ಟಿಕ್ ಹಾಕುವುದೇ ಬೇರೆ, ಬಾಯಿಬಿಟ್ಟು ಮಾತಾಡುವುದೇ ಬೇರೆ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಪಟ್ಟಿ ಕೊಟ್ಟು ಸುಮ್ನೆ ಬಿಡಲಿಲ್ಲ. ಅನುಮಾನ ಬಂದರೆ ಯಾರು ಬೇಕಾದರೂ ತಡೆದು ಕೇಳಬೇಕು ಎಂದು ಇಡೀ ತಂಡಕ್ಕೆ ತರಬೇತಿ ಕೊಟ್ಟರು. ತರಬೇತಿ ಪಡೆದ ಆಸ್ಪತ್ರೆಗಳಲ್ಲಿ ಸಾವು ಶೇ 18ರಷ್ಟು ತಗ್ಗಿತು. ಪಡೆಯದ ಕಡೆ ಶೇ 7ರಷ್ಟು ಮಾತ್ರ.

ತರಬೇತಿಯಲ್ಲಿ ಕಲಿಸುವುದು ತೀರಾ ಸಣ್ಣ ಸಂಗತಿಗಳನ್ನೇ. ‘ಯಾರಾದ್ರೂ ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ) ಕೊಡಿ’ ಅಂದರೆ ಇನ್ನೊಬ್ಬರು ಕೊಡುತ್ತಾರೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಅಲ್ವಾ? ಅದಕ್ಕೇ ಹೆಸರು ಹಿಡಿದು ಹೇಳಬೇಕು. ಕೇಳಿಸಿಕೊಂಡವರು ‘ಹೆಪಾರಿನ್ 5,000 ಯುನಿಟ್ ಕೊಡ್ತಿದೀನಿ’ ಎಂದು ತಿರುಗಿ ಹೇಳಬೇಕು. ಕೊಟ್ಟ ಮೇಲೆ ‘ಕೊಟ್ಟಾಯ್ತು’ ಅನ್ನಬೇಕು. ಎಲ್ಲರೂ ಮೊದಲೇ ಹೆಸರು ಹೇಳಿಕೊಳ್ಳುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಒಮ್ಮೆ ದನಿ ತೆಗೆದವರಿಗೆ ಎರಡನೇ ಸಲ ಅಷ್ಟು ಅಂಜಿಕೆ ಇರುವುದಿಲ್ಲ.

ಈ ಅಂಜಿಕೆಯೇ ದೊಡ್ಡ ಅಪಾಯ. ಹೊಲಿಗೆ ಹಾಕುವ ಹೊತ್ತಿಗೆ ಕಿರಿಯ ನರ್ಸ್ ಒಬ್ಬರು ‘ಸರ್, ಒಂದು ಗಾಜ್ ಕಡಿಮೆ ಇದೆ’ ಅನ್ನುತ್ತಾರೆ. ಗಾಜ್ ಅಂದರೆ ರಕ್ತ ಒರೆಸುವ ತೆಳು ಬಟ್ಟೆ. ‘ಸರಿಯಾಗಿ ಎಣಿಸಮ್ಮ’ ಎಂದು ಗದರಿದರೆ ಮುಂದಿನ ಸಲ ಅವರು ಬಾಯಿ ಬಿಡುವುದು ಕಷ್ಟ. ಸರ್ಜನ್ ಕೈ ನಿಲ್ಲಿಸಬೇಕು. ಮತ್ತೆ ಎಣಿಸಬೇಕು, ಹೊಟ್ಟೆಯೊಳಗೆ ಹುಡುಕಬೇಕು. ಸಿಗದಿದ್ದರೆ ಅಲ್ಲೇ ಎಕ್ಸ್‌-ರೇ ತೆಗೆಯಬೇಕು. ಎಕ್ಸ್‌-ರೇಯಲ್ಲಿ ಕಾಣುವಂಥ ಎಳೆಯನ್ನು ಆಪರೇಷನ್ನಿನ ಗಾಜ್ ಬಟ್ಟೆಯಲ್ಲಿ ಸೇರಿಸಿ ನೇಯುವುದು ಇದಕ್ಕಾಗಿಯೇ.