ಫೋಮ್ ಚೆಂಡಿನ ಬ್ಲಾಸ್ಟರ್ ಆರಿಸುವುದು: ಡಬ್ಬದ ಮೇಲಿನ ಸಂಖ್ಯೆ ಹೇಳದ ವಿಷಯಗಳು

ಫೋಮ್ ಚೆಂಡು ಹಾರಿಸುವ ಆಟಿಕೆ ಬಂದೂಕು, ಅಂದರೆ ಬ್ಲಾಸ್ಟರ್, ಹಿಡಿದು ಅಣಕು ಯುದ್ಧದ ಆಟ ಶುರು ಮಾಡಬೇಕೆಂದು ಹೊರಟವರು ಮೊದಲು ಕೇಳುವ ಪ್ರಶ್ನೆ ಒಂದೇ. ಯಾವುದರಲ್ಲಿ ಜಾಸ್ತಿ ಚೆಂಡು ಹಿಡಿಯುತ್ತದೆ? ಡಬ್ಬದ ಮೇಲೆ ಆ ಸಂಖ್ಯೆಯೇ ದೊಡ್ಡದಾಗಿ ಇರುತ್ತದೆ, ಕಣ್ಣು ಅಲ್ಲಿಗೇ ಹೋಗುತ್ತದೆ. ಬಯಲುಸೀಮೆಯ ದೊಡ್ಡ ಮೈದಾನದಲ್ಲಿ ಆಡುವವರಿಗೆ ಅದು ಸರಿ ಇರಬಹುದು. ಕೊಡಗಿನಲ್ಲಿ ಸಮತಟ್ಟು ಜಾಗ ಸಿಗುವುದೇ ಕಷ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬೇರೆ. ಇಲ್ಲಿ ಕೇಳಬೇಕಾದ್ದು: ಹಾರಿಸಿದ ಚೆಂಡಿನಲ್ಲಿ ಎಷ್ಟು ವಾಪಸ್ ಸಿಗುತ್ತದೆ? ಈ ಟಿಪ್ಪಣಿ ಪೂರ್ತಿ ಆ ಪ್ರಶ್ನೆಯ ಸುತ್ತಲೇ ಇದೆ. ಪಿಯುಸಿ ಭೌತಶಾಸ್ತ್ರ ನೆನಪಿದ್ದರೆ ಲೆಕ್ಕಗಳು ಸುಲಭ. ನೆನಪಿಲ್ಲದಿದ್ದರೂ ಪರವಾಗಿಲ್ಲ.

ಹೆಸರು ಓದುವುದು ಹೇಗೆ

ಹಾಸ್ಬ್ರೊ ಕಂಪನಿಯ ನರ್ಫ್ ಬ್ರ್ಯಾಂಡಿನ ರೈವಲ್ ಸಾಲಿನ ಬ್ಲಾಸ್ಟರ್‌ಗಳು 2015ರಲ್ಲಿ ಬಂದವು. ಬಾಣದಂಥ ಉದ್ದದ ಫೋಮ್ ಡಾರ್ಟ್ ಬದಲು ಸುಮಾರು 22 ಮಿ.ಮೀ. ಅಗಲದ ಫೋಮ್ ಚೆಂಡು ಇವುಗಳ ಗುಂಡು. ಹೆಸರು ನೋಡಿದರೆ ಗಾಬರಿ ಆಗುತ್ತದೆ, ಅದರೊಳಗೊಂದು ಸುಲಭ ಸೂತ್ರ ಇದೆ. "ಝೀಯಸ್ ಎಂಎಕ್ಸ್‌ವಿ-1200" ತೆಗೆದುಕೊಳ್ಳಿ. ಎಂ ಅಂದರೆ ಮೋಟಾರ್ ಇದೆ. ಎಕ್ಸ್‌ವಿ ರೋಮನ್ ಅಂಕಿಯ 15, ಅಂದರೆ 2015. ಕೊನೆಯ ಸಂಖ್ಯೆಯನ್ನು ನೂರರಿಂದ ಭಾಗಿಸಿದರೆ ಚೆಂಡಿನ ಲೆಕ್ಕ: 12. ಹಾಗೆಯೇ ಅಪೊಲೊ ಎಕ್ಸ್‌ವಿ-700 ಎಂದರೆ 7 ಚೆಂಡು. ಎಂ ಇಲ್ಲ, ಹಾಗಾಗಿ ಕೈಯಿಂದ ಎಳೆಯುವುದು. ಮುಂದಿನ ನಾಲ್ಕರ ಪೂರ್ತಿ ಹೆಸರಿನಲ್ಲಿ ಎಂ ಇದೆ, ಇಲ್ಲಿ ಅಕ್ಷರ ಬಿಟ್ಟು ಬರೆದಿದ್ದೇನೆ. 2016ರ ಕೇಯಾಸ್ 4000 ಎಂದರೆ 40. 2017ರ ನೆಮೆಸಿಸ್ 10ಕೆ (ಕೆ ಅಂದರೆ ಸಾವಿರ) ಎಂದರೆ 100. 2018ರ ಪ್ರೊಮಿಥಿಯಸ್ 20ಕೆ ಎಂದರೆ 200. 2019ರ ಪರ್ಸೀಸ್ 5000 ಎಂದರೆ 50. ಎಲ್ಲದರ ವೇಗವನ್ನೂ ಕಂಪನಿ ಹೇಳುವುದು ಹೆಚ್ಚೆಂದರೆ ಸೆಕೆಂಡಿಗೆ 100 ಅಡಿ, ಅಂದರೆ ಸುಮಾರು 30 ಮೀಟರ್. ದುಬಾರಿಯದ್ದು ಕೊಂಡರೆ ಚೆಂಡು ಜೋರಾಗಿ ಹೋಗುತ್ತದೆ ಎಂದುಕೊಳ್ಳಬೇಡಿ.

ಅದೇ ಕಂಪನಿಯ ಹೈಪರ್ ಸಾಲಿನ ಚೆಂಡು ಇದಕ್ಕಿಂತ ಚಿಕ್ಕದು, ಇದರಲ್ಲಿ ಓಡುವುದಿಲ್ಲ. ಜಾತ್ರೆಯಲ್ಲಿ ಸಿಗುವ ನೀರಿನ ಜೆಲ್ ಗುಂಡಿನ ಬಂದೂಕು ಬೇರೆಯೇ ವಸ್ತು. ಅದರ ಮಾತು ಇಲ್ಲಿ ಬೇಡ.

ನೂರು ಚೆಂಡು ಎಲ್ಲಿ ಹಿಡಿಯುತ್ತದೆ

22 ಮಿ.ಮೀ. ಚೆಂಡಿನ ಘನಗಾತ್ರ ಸುಮಾರು 5.6 ಘನ ಸೆಂ.ಮೀ. ಚೆಂಡುಗಳನ್ನು ಸುಮ್ನೆ ಸುರಿದರೆ ನಡುವೆ ಖಾಲಿ ಜಾಗ ಉಳಿಯುತ್ತದೆ. ಪಾತ್ರೆಯ ಹೆಚ್ಚೆಂದರೆ ಶೇ. 64ರಷ್ಟು ಜಾಗ ಮಾತ್ರ ಚೆಂಡಿಗೆ. ಹಾಗಾಗಿ ನೂರು ಚೆಂಡಿಗೆ ಸುಮಾರು 900 ಮಿ.ಲೀ. ಜಾಗ ಬೇಕು, ಇನ್ನೂರಕ್ಕೆ ಸುಮಾರು 1.8 ಲೀಟರ್. ದೊಡ್ಡ ಬ್ಲಾಸ್ಟರ್‌ಗಳು ಡೊಳ್ಳುಹೊಟ್ಟೆ ಇಟ್ಟುಕೊಂಡಿರುವುದು ಇದಕ್ಕೇ. ಪ್ರೊಮಿಥಿಯಸ್‌ಗೆ ಹೆಗಲ ಪಟ್ಟಿ ಕೊಟ್ಟಿರುವುದೂ ಸುಮ್ಮನೆ ಅಲ್ಲ.

ಚೆಂಡು ಹಿಡಿಸುವ ವ್ಯವಸ್ಥೆ ಮುಖ್ಯವಾಗಿ ಎರಡು ಬಗೆ. ಒಂದು ಮ್ಯಾಗಜಿನ್: ಚೆಂಡುಗಳು ಸಾಲಾಗಿ ನಿಂತಿರುತ್ತವೆ, ಸ್ಪ್ರಿಂಗ್ ಅಥವಾ ಚೈನು ಒಂದೊಂದನ್ನೇ ತಳ್ಳುತ್ತದೆ. ಇನ್ನೊಂದು ಹಾಪರ್: ಮೇಲಿಂದ ಸುರಿದುಬಿಡಿ, ಕೆಳಗೆ ಬೀಳುತ್ತಾ ಹೋಗುತ್ತವೆ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ಬಳಿ ನಿಂತವರಿಗೆ ಹಾಪರ್‌ನ ರೋಗ ಗೊತ್ತೇ ಇರುತ್ತದೆ. ಹಣ್ಣು ಬಾಯಿಯ ಹತ್ತಿರ ಒಂದಕ್ಕೊಂದು ಒತ್ತಿಕೊಂಡು ಕಮಾನು ಕಟ್ಟುತ್ತದೆ. ಮೇಲೆ ಹಣ್ಣು ತುಂಬಿದ್ದರೂ ಕೆಳಗೆ ಏನೂ ಬೀಳುವುದಿಲ್ಲ, ಯಾರಾದರೂ ಕೋಲು ಹಾಕಿ ಕದಡಬೇಕು. ಫೋಮ್ ಚೆಂಡೂ ಹಾಗೆಯೇ ಮಾಡುತ್ತದೆ, ಮೆತ್ತಗಿರುವುದರಿಂದ ಇನ್ನೂ ಬೇಗ. ನೆಮೆಸಿಸ್‌ನಂಥದರ ಒಳಗೆ ಕದಡುವ ಚಕ್ರ ಮತ್ತು ಸಾಗಿಸುವ ಬೆಲ್ಟ್ ಇರುವುದು ಈ ಕಮಾನು ಒಡೆಯುವುದಕ್ಕೆ.

ಆದ್ದರಿಂದ ಅಂಗಡಿಯಲ್ಲಿ ಪರೀಕ್ಷಿಸಲು ಬಿಟ್ಟರೆ ಮೊದಲು ನೋಡಬೇಕಾದ್ದು ಇದು. ಹಾಪರ್ ಅರ್ಧ ತುಂಬಿಸಿ, ಬ್ಲಾಸ್ಟರನ್ನು ಓರೆ ಹಿಡಿದು ಹಾರಿಸಿ. ನಿಜವಾದ ಆಟದಲ್ಲಿ ಯಾರೂ ನೆಟ್ಟಗೆ ನಿಂತು ಹೊಡೆಯುವುದಿಲ್ಲ. ದರೆಯ ಮೇಲೆ ನಿಂತು ಕೆಳಗಿನವನಿಗೆ ಗುರಿ ಇಟ್ಟರೆ ಮೂತಿ ಕೆಳಗೆ ಹೋಗುತ್ತದೆ, ಚೆಂಡೆಲ್ಲ ಮುಂದಕ್ಕೆ ಜಾರುತ್ತದೆ, ಬಾಯಿ ಖಾಲಿ. ಗುರುತ್ವದ ಮೇಲೆ ನಿಂತ ವ್ಯವಸ್ಥೆಗೆ ಇಳಿಜಾರು ಆಗಿಬರುವುದಿಲ್ಲ. ಸಾಲಾಗಿ ತಳ್ಳುವ ಮ್ಯಾಗಜಿನ್‌ಗೆ ಈ ತೊಂದರೆ ಇಲ್ಲ. ಕೇಯಾಸ್‌ನ 40 ಚೆಂಡಿನ ಚೈನು ಮ್ಯಾಗಜಿನ್ ನೋಡಲು ವಿಚಿತ್ರ, ಆದರೆ ಯಾವ ಕೋನದಲ್ಲಿ ಹಿಡಿದರೂ ಕೆಲಸ ಮಾಡುತ್ತದೆ.

ಸ್ಪ್ರಿಂಗಾ, ಮೋಟಾರಾ?

ಸ್ಪ್ರಿಂಗ್ ಬ್ಲಾಸ್ಟರ್‌ನಲ್ಲಿ ಪ್ರತಿ ಸಲ ಕೈಯಿಂದ ಎಳೆಯಬೇಕು. ಬಿಟ್ಟಾಗ ಒಳಗಿನ ಪಿಸ್ಟನ್ ಗಾಳಿಯನ್ನು ತಳ್ಳುತ್ತದೆ, ಗಾಳಿ ಚೆಂಡನ್ನು ತಳ್ಳುತ್ತದೆ. ಸೆಲ್ ಬೇಡ, ಹೊಡೆಯುವ ತನಕ ಸದ್ದೂ ಇಲ್ಲ.

ಮೋಟಾರಿನದ್ದು ಬೇರೆ. ಎರಡು ಚಕ್ರ ಎದುರುಬದುರು ಜೋರಾಗಿ ತಿರುಗುತ್ತಿರುತ್ತವೆ. ಅವುಗಳ ನಡುವಿನ ಸಂದು ಚೆಂಡಿಗಿಂತ ಕಿರಿದು. ಚೆಂಡು ಒಳಗೆ ಹೋದಾಗ ಎರಡೂ ಕಡೆ ಹಿಂಡಿಸಿಕೊಂಡು ಆಚೆ ಚಿಮ್ಮುತ್ತದೆ. ಇಲ್ಲಿ ಮೂರು ವಿಷಯ ಗಮನಿಸಿ. ಚಕ್ರ ವೇಗ ಹಿಡಿಯಲು ಸ್ವಲ್ಪ ಹೊತ್ತು ಬೇಕು, ಆ ಗುಂಯ್ ಸದ್ದು ನೀವೆಲ್ಲಿದ್ದೀರಿ ಎಂದು ಎದುರಾಳಿಗೆ ಹೇಳಿಬಿಡುತ್ತದೆ. ಎರಡನೆಯದು, ಪ್ರತಿ ಚೆಂಡೂ ಚಕ್ರದಿಂದ ಸ್ವಲ್ಪ ಶಕ್ತಿ ಕಿತ್ತುಕೊಂಡು ಹೋಗುತ್ತದೆ. ಒಂದೇ ಸಮನೆ ಹೊಡೆದರೆ ಚಕ್ರ ನಿಧಾನವಾಗುತ್ತದೆ, ಆಮೇಲಿನ ಚೆಂಡುಗಳು ಹತ್ತಿರವೇ ಬೀಳುತ್ತವೆ. ಮೂರನೆಯದು, ಎಲ್ಲ ನಿಂತಿರುವುದು ಘರ್ಷಣೆಯ ಮೇಲೆ. ಚೆಂಡು ಒದ್ದೆ ಇದ್ದರೆ ಚಕ್ರದಲ್ಲಿ ಜಾರುತ್ತದೆ.

ಈಗ ಸೆಲ್ ವಿಷಯ. ಇದನ್ನು ಜನ ಕಡೆಗಣಿಸುತ್ತಾರೆ, ದುಡ್ಡು ಹೋಗುವುದು ಇಲ್ಲೇ. ಕೇಯಾಸ್, ನೆಮೆಸಿಸ್ ಎರಡಕ್ಕೂ ಆರಾರು ದೊಡ್ಡ ಡಿ ಸೆಲ್ ಬೇಕು. ಆಲ್ಕಲೈನ್ ಡಿ ಸೆಲ್ ಒಂದರ ತೂಕ ಸುಮಾರು 140 ಗ್ರಾಂ. ಆರಕ್ಕೆ 840 ಗ್ರಾಂ, ಚೆಂಡು ಹಾಕುವ ಮೊದಲೇ! ನಮ್ಮ ಊರಿನ ಅಂಗಡಿಗಳಲ್ಲಿ ಸಿಗುವ ದೊಡ್ಡ ಟಾರ್ಚ್ ಸೆಲ್ ಹೆಚ್ಚಾಗಿ ಜಿಂಕ್-ಕಾರ್ಬನ್. ಅಳತೆ ಅದೇ, ವೋಲ್ಟೇಜೂ ಅದೇ 1.5. ಆದರೆ ಅದರ ಒಳಗಿನ ರೋಧ ಜಾಸ್ತಿ. ಟಾರ್ಚ್ ಬಲ್ಬಿಗೆ ಬೇಕಾದ ಸಣ್ಣ ಕರೆಂಟ್ ಆರಾಮಾಗಿ ಕೊಡುತ್ತದೆ. ಮೋಟಾರ್ ಜೋರಾಗಿ ಎಳೆದಾಗ ವೋಲ್ಟೇಜ್ ಕುಸಿದುಬಿಡುತ್ತದೆ. ಬ್ಲಾಸ್ಟರ್ ಕೆಟ್ಟಿದೆ ಎಂದು ವಾಪಸ್ ಕೊಡಲು ಹೊರಡುವ ಮೊದಲು ಸೆಲ್ ಯಾವುದು ಎಂದು ನೋಡಿ.

ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ 1.2 ವೋಲ್ಟ್ ಮಾತ್ರ. ಆರಕ್ಕೆ 9ರ ಬದಲು 7.2 ಆಗುತ್ತದೆ. ಕಡಿಮೆ ಅನ್ನಿಸುತ್ತದೆ, ಅಲ್ವಾ? ಆದರೆ ಒಳ ರೋಧ ಕಡಿಮೆ ಇರುವುದರಿಂದ ಭಾರ ಬಿದ್ದಾಗಲೂ ವೋಲ್ಟೇಜ್ ಅಷ್ಟಾಗಿ ಕುಸಿಯುವುದಿಲ್ಲ. ಪ್ರೊಮಿಥಿಯಸ್, ಪರ್ಸೀಸ್ ಎರಡರಲ್ಲೂ ರೀಚಾರ್ಜ್ ಬ್ಯಾಟರಿ ಜೊತೆಗೇ ಬರುತ್ತದೆ. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಯಾವಾಗ ಬರುತ್ತದೋ ಹೇಳಲಾಗದ ಊರಿನವರು ಹಿಂದಿನ ದಿನವೇ ಚಾರ್ಜಿಗೆ ಹಾಕಿಡಿ. ವೇಗ ಹೆಚ್ಚಲಿ ಎಂದು ಲಿಥಿಯಂ ಸೆಲ್ ಜೋಡಿಸುವ ಪ್ರಯೋಗ ಮಾತ್ರ ಬೇಡ. ಸ್ವಿಚ್ಚು, ವೈರು, ಮೋಟಾರ್ ಯಾವುದೂ ಅದಕ್ಕೆ ಮಾಡಿದ್ದಲ್ಲ.

25 ಸೆಕೆಂಡ್ ಆಟ, ಹತ್ತು ನಿಮಿಷ ಹೆಕ್ಕುವುದು

ಪ್ರೊಮಿಥಿಯಸ್ ಸೆಕೆಂಡಿಗೆ 8 ಚೆಂಡು ಹಾರಿಸುತ್ತದೆ ಎಂದು ಕಂಪನಿ ಹೇಳುತ್ತದೆ. 200ನ್ನು 8ರಿಂದ ಭಾಗಿಸಿ: 25 ಸೆಕೆಂಡ್. ಈಗ ಒಂದು ಚೆಂಡು ಹುಡುಕಿ ಹೆಕ್ಕಲು 3 ಸೆಕೆಂಡ್ ಎಂದು ಇಟ್ಟುಕೊಳ್ಳಿ. ಹುಲ್ಲು ಕತ್ತರಿಸಿದ ಅಂಗಳದಲ್ಲಿ ಅಷ್ಟು ಸಾಕು. 200ಕ್ಕೆ 600 ಸೆಕೆಂಡ್, ಹತ್ತು ನಿಮಿಷ. ತೋಟದ ತರಗೆಲೆ ಮೇಲೆ ಆದರೆ ಆ ಲೆಕ್ಕ ಮರೆತುಬಿಡಿ.

ಡಾರ್ಟ್ ಬಿದ್ದಲ್ಲೇ ಬಿದ್ದಿರುತ್ತದೆ. ಚೆಂಡು ಉರುಳುತ್ತದೆ. ಏರುತಗ್ಗಿನ ಅಂಗಳದಲ್ಲಿ ಹಾರಿಸಿದ್ದೆಲ್ಲ ಕೊನೆಗೆ ಸೇರುವುದು ಚರಂಡಿ ಅಥವಾ ತೋಡಿಗೆ. ಅಲ್ಲಿಂದ ಹೊಳೆಗೆ. ಇದು ಪಾಲಿಯುರಿಥೇನ್ ಫೋಮ್, ಎಲೆಯ ಹಾಗೆ ಮಣ್ಣಾಗುವುದಿಲ್ಲ. ತೋಟದ ನಾಯಿಗಳಿಗಂತೂ ಉರುಳುವ ಚೆಂಡು ಕಂಡರೆ ಹಬ್ಬ, ಕಚ್ಚಿ ನುಂಗಿಬಿಟ್ಟರೆ ಕಷ್ಟ. ನಾಯಿ ಕಟ್ಟಿ ಹಾಕಿ ಆಡಿ.

ಹಾಗಾದರೆ ಎಲ್ಲಿ ಆಡುವುದು? ನನ್ನ ಮಟ್ಟಿಗೆ ಕಾಫಿ ಒಣಗಿಸುವ ಕಣದಷ್ಟು ಒಳ್ಳೆಯ ಜಾಗ ಇಲ್ಲ. ಸಿಮೆಂಟು ನೆಲ, ಸಮತಟ್ಟು, ಚೆಂಡು ಕಾಣುತ್ತದೆ. ಆದರೆ ಕುಯ್ಲಿನ ತಿಂಗಳುಗಳಲ್ಲಿ ಅದು ಖಾಲಿ ಸಿಗುವುದಿಲ್ಲ. ಅರೇಬಿಕಾ ನವೆಂಬರ್ ಹೊತ್ತಿಗೆ ಶುರುವಾದರೆ ರೊಬಸ್ಟಾ ಮುಗಿಯುವಾಗ ಮಾರ್ಚ್ ಆಗಿರುತ್ತದೆ. ಗಿಡಗಳ ನಡುವೆ ನುಗ್ಗುವುದಂತೂ ಬೇಡ. ಹೂ ಬಿಟ್ಟ ಸಮಯದಲ್ಲಿ ರೆಂಬೆಗೆ ತಾಗಿಕೊಂಡು ಓಡಿದರೆ ಬೈಗುಳ ಖಂಡಿತ, ಅದು ನ್ಯಾಯವೂ ಹೌದು. ಆನೆ ಓಡಾಡುವ ಕಡೆ ಸಂಜೆ ಬೆಳಕಿರುವಾಗಲೇ ಆಟ ಮುಗಿಸಿ. ದೇವರಕಾಡಿನ ಒಳಗೆ, ಊರಿನ ಮಂದ್‌ನಲ್ಲಿ (ಹಬ್ಬದ ಕುಣಿತ ನಡೆಯುವ ಬಯಲು) ಆಡುವ ಮಾತೇ ಇಲ್ಲ.

ಚೆಂಡಿನ ಬಣ್ಣ ಹಳದಿಯೇ ಇರಲಿ. ತಂಡ ಗುರುತಿಸಲು ಕೆಂಪು, ನೀಲಿ ಬ್ಲಾಸ್ಟರ್ ಇಟ್ಟುಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಹಣ್ಣು ಬಿದ್ದಿರುವ ತೋಟದ ಪಕ್ಕ ಕೆಂಪು ಚೆಂಡು ಹುಡುಕಿ ನೋಡಿ, ಗೊತ್ತಾಗುತ್ತದೆ.

ಹಾರಾಟ ಮತ್ತು ಕಣ್ಣು

ಸೆಕೆಂಡಿಗೆ 30 ಮೀಟರ್ ವೇಗದಲ್ಲಿ 10 ಮೀಟರ್ ದಾಟಲು ಸೆಕೆಂಡಿನ ಮೂರನೇ ಒಂದು ಭಾಗ. ಅಷ್ಟರಲ್ಲಿ ಯಾವ ವಸ್ತುವಾದರೂ ಅರ್ಧ ಮೀಟರ್‌ಗಿಂತ ಸ್ವಲ್ಪ ಜಾಸ್ತಿ ಕೆಳಗೆ ಬೀಳುತ್ತದೆ. ಫೋಮ್ ಹಗುರ, ಗಾಳಿ ಅದನ್ನು ಬೇಗ ತಡೆಯುತ್ತದೆ, ಹಾಗಾಗಿ ನಿಜದಲ್ಲಿ ಇನ್ನೂ ಕೆಳಗೆ. ಚೆಂಡಿಗೆ ಹಿಮ್ಮುಖ ತಿರುಗು ಕೊಟ್ಟರೆ ಗಾಳಿ ಅದನ್ನು ಸ್ವಲ್ಪ ಮೇಲಕ್ಕೆ ಎತ್ತುತ್ತದೆ, ದೂರ ಹೋಗುತ್ತದೆ. ಕ್ರಿಕೆಟ್ ನೋಡುವವರಿಗೆ ಇದನ್ನು ವಿವರಿಸುವುದು ಬೇಡ.

ಕಣ್ಣಿನ ವಿಷಯದಲ್ಲಿ ಮಾತ್ರ ತಮಾಷೆ ಇಲ್ಲ. ಚೆಂಡಿನ ತೂಕ ಎರಡು ಗ್ರಾಂ ಎಂದು ಲೆಕ್ಕಕ್ಕೆ ಇಟ್ಟುಕೊಂಡರೆ ಶಕ್ತಿ 0.9 ಜೂಲ್. 6 ಮಿ.ಮೀ. ಪ್ಲಾಸ್ಟಿಕ್ ಗುಂಡಿನ ಏರ್‌ಸಾಫ್ಟ್ ಬಂದೂಕು, 0.2 ಗ್ರಾಂ ಗುಂಡನ್ನು ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಹಾರಿಸಿದರೆ 1 ಜೂಲ್. ಹೆಚ್ಚುಕಡಿಮೆ ಒಂದೇ! ಫೋಮ್ ಮೆತ್ತಗಿದೆ, ಹದಿಮೂರು ಪಟ್ಟು ದೊಡ್ಡ ಜಾಗಕ್ಕೆ ಹಂಚಿಹೋಗುತ್ತದೆ, ಅದಕ್ಕೇ ಮೈಗೆ ತಾಗಿದರೆ ಚುರುಕ್ ಅಂದು ಸುಮ್ಮನಾಗುತ್ತದೆ. ಆದರೆ ದೊಡ್ಡವರ ಕಣ್ಣುಗುಡ್ಡೆ ಸುಮಾರು 24 ಮಿ.ಮೀ. ಕಣ್ಣಿನ ಸುತ್ತಲಿನ ಎಲುಬು 22 ಮಿ.ಮೀ. ಚೆಂಡನ್ನು ತಡೆಯುವುದಿಲ್ಲ, ಅದು ನೇರ ಗುಡ್ಡೆಗೇ ಬಡಿಯುತ್ತದೆ. ಆಟಿಕೆ ಬಂದೂಕಿನ ಫೋಮ್ ಗುಂಡು ತಾಗಿ ಕಣ್ಣಿನೊಳಗೆ ರಕ್ತ ಬಂದ ಪ್ರಕರಣಗಳನ್ನು ಲಂಡನ್ನಿನ ಕಣ್ಣಿನ ವೈದ್ಯರು 2017ರಲ್ಲಿ ವರದಿ ಮಾಡಿದ್ದಾರೆ. ರೈವಲ್ ಡಬ್ಬದ ಮೇಲೆ 14 ವರ್ಷ ಮೇಲ್ಪಟ್ಟವರಿಗೆ ಎಂದು ಬರೆದಿರುವುದು ಸುಮ್ನೆ ಅಲ್ಲ. ಬದಿ ಮುಚ್ಚುವ ಗಾಗಲ್ಸ್ ಇಲ್ಲದವರು ಆಟಕ್ಕಿಲ್ಲ, ಸ್ಕೋರ್ ಬರೆಯಲಿ. ಓದುವ ಕನ್ನಡಕ ಗಾಗಲ್ಸ್ ಅಲ್ಲ.

ಕೋವಿ ಇರುವ ಊರಿನಲ್ಲಿ

ಇದು ಬೇರೆ ಊರಿನವರು ಯೋಚಿಸದ ವಿಷಯ. ಕೊಡವರಿಗೆ ಮತ್ತು ಜಮ್ಮಾ (ಪರಂಪರೆಯಿಂದ ಬಂದ ಭೂಮಿ) ಹಿಡುವಳಿದಾರರಿಗೆ ಕೋವಿ ಲೈಸೆನ್ಸ್‌ನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷ ಮುಂದುವರಿಸಿತು. ಸೆಪ್ಟೆಂಬರ್‌ನ ಕೈಲ್ ಮುಹೂರ್ತ ಹಬ್ಬಕ್ಕೆ ಕೋವಿಗೆ ಪೂಜೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ನಿಜವಾದ ಕೋವಿ ಮನೆಯಲ್ಲೇ ಇರುವ ಕಡೆ ಆಟಿಕೆಯು ಆಟಿಕೆಯಂತೆಯೇ ಕಾಣಬೇಕು. ಕಪ್ಪು ಬಣ್ಣ ಬಳಿಯಬೇಡಿ, ಕಿತ್ತಳೆ ಮೂತಿ ತೆಗೆಯಬೇಡಿ. ಕೋವಿ ಇಡುವ ಜಾಗದಲ್ಲಿ ಬ್ಲಾಸ್ಟರ್ ಇಡಬೇಡಿ. ಆಟ ಇರುವ ದಿನ ಪಕ್ಕದ ತೋಟದವರಿಗೆ ಮೊದಲೇ ಹೇಳಿ. ಕೋವಿಯ ಜೊತೆ ಬೆಳೆದವರಿಗೆ ಗೊತ್ತಿರುವ ಶಿಸ್ತು, ಅಂದರೆ ಮೂತಿ ಜನರ ಕಡೆ ಬೇಡ ಎನ್ನುವುದು, ಈ ಆಟದಲ್ಲಿ ಮುರಿಯಲೇಬೇಕಾಗುತ್ತದೆ. ಚಿಕ್ಕ ಮಕ್ಕಳ ತಲೆಯಲ್ಲಿ ಎರಡೂ ಕಲಸಿಹೋಗದ ಹಾಗೆ ದೊಡ್ಡವರು ಬಿಡಿಸಿ ಹೇಳಬೇಕು.

ನಾನು ಆರಿಸುವುದಾದರೆ

ಎಲ್ಲರಿಗೂ ದೊಡ್ಡದು ಬೇಡ. ತಂಡಕ್ಕೊಂದು ಸಾಕು. ಅದನ್ನು ಹಿಡಿದವನು ಒಂದು ಕಡೆ ನಿಂತು ಎದುರಾಳಿ ತಲೆ ಎತ್ತದ ಹಾಗೆ ಮಾಡುತ್ತಾನೆ, ಉಳಿದವರು 7ರದ್ದೋ 12ರದ್ದೋ ಹಿಡಿದು ಓಡುತ್ತಾರೆ. 50 ಚೆಂಡಿನ ಪರ್ಸೀಸ್ ಅಥವಾ 40ರ ಕೇಯಾಸ್ ನಮ್ಮ ಜಾಗಕ್ಕೆ ಸರಿಯಾದ ಅಳತೆ ಎಂದು ನನ್ನ ಅಭಿಪ್ರಾಯ. 200ರದ್ದನ್ನು ಹೊತ್ತುಕೊಂಡು ದರೆ ಹತ್ತುವವರಿಗೆ ನಮಸ್ಕಾರ. ಒಬ್ಬರ ಬಳಿ ಜಾಸ್ತಿ, ಇನ್ನೊಬ್ಬರ ಬಳಿ ಕಡಿಮೆ ಎಂಬ ಜಗಳ ಬಂದರೆ ಬ್ಲಾಸ್ಟರ್ ಬದಲಿಸಬೇಡಿ, ಆಟದ ಪ್ರತಿ ಸುತ್ತಿಗೂ ತಂಡಕ್ಕಿಷ್ಟು ಚೆಂಡು ಎಂದು ಎಣಿಸಿ ಕೊಡಿ. ಉಳಿಸಿದ ದುಡ್ಡು ಗಾಗಲ್ಸ್‌ಗೆ, ಆಮೇಲೆ ಹೆಚ್ಚಿನ ಚೆಂಡಿಗೆ.

ಹಳೆಯದು ಕೊಳ್ಳುವವರು ಸೆಲ್ ಗೂಡು ತೆರೆದು ಹಸಿರು ಕಿಲುಬು ಇದೆಯಾ ನೋಡಿ. ಚೆಂಡು ಹಾಕದೆ ಚಕ್ರ ಓಡಿಸಿ, ಎರಡೂ ಒಂದೇ ಸದ್ದಿನಲ್ಲಿ ತಿರುಗಬೇಕು, ಕಿರ್ ಅನ್ನಬಾರದು. ಚೆಂಡುಗಳನ್ನು ಹಿಂಡಿ ಬಿಡಿ, ತಟ್ಟನೆ ಗುಂಡಗಾಗದೆ ಚಪ್ಪಟೆ ಉಳಿದರೆ ಅವುಗಳಿಗೆ ದುಡ್ಡು ಕೊಡಬೇಡಿ. ಮಳೆಗಾಲಕ್ಕೆ ಎತ್ತಿಡುವಾಗ ಸೆಲ್ ತೆಗೆದು, ಹಾಪರ್ ಖಾಲಿ ಮಾಡಿ, ಚೆಂಡು ತೊಳೆದಿದ್ದರೆ ಪೂರ್ತಿ ಒಣಗಿಸಿ ಮುಚ್ಚಳದ ಡಬ್ಬದಲ್ಲಿ ಹಾಕಿ. ತೇವ ಉಳಿದರೆ ಆಗಸ್ಟ್ ಹೊತ್ತಿಗೆ ಬೂಷ್ಟು ಹಿಡಿದಿರುತ್ತದೆ.